ತಡಕ್ಕೆ ಕಾರಣ: ಅಧ್ಯಕ್ಷರ ನಿಧನ

ಭಾನುವಾರ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಇಲ್ಲದಿದ್ದರೆ ದೊಡ್ಡಬಳ್ಳಾಪುರದ ಆ ಓಣಿಯಲ್ಲಿ, ನಂದಕುಮಾರ ಬಾಗಿಲಲ್ಲೇ ನಿಂತು ಹೇಳಿದ್ದು ಅರುಣಾಗೆ ಕೇಳಿಸ್ತಾನೇ ಇರಲಿಲ್ಲ.

“ನಮ್ಮ ಅಧ್ಯಕ್ಷರನ್ನ ಸಾಯಿಸಿಬಿಟ್ಟೆ ಕಣಮ್ಮ.”

ಅರುಣಾಳ ತಾಯಿ ಅಕ್ಕಯ್ಯಮ್ಮ ಲಾಳಿ ಒರೆಸ್ತಾ ಕೂತಿದ್ದವಳು ತಲೆ ಎತ್ತಿದಳು. “ಮೊದ್ಲು ಒಳಗ್ ಬಂದು ಕೂತ್ಕೊಳಿ ಅಳಿಯಂದ್ರೇ. ಸತ್ತೋರು ಎಲ್ಲಿಗೂ ಎದ್ದೋಗಲ್ಲ.”

“ಬದುಕಿದ್ದಾರೆ ಅತ್ತೆ. ಅದೇ ತೊಂದ್ರೆ ಆಗಿರೋದು.”

ನಂದಕುಮಾರ ಅರುಣಾಳ ಅಕ್ಕನ ಗಂಡ. ಬೆಂಗಳೂರಲ್ಲಿ ಸರ್ಕಾರದ ಒಂದು ನೂಲಿನ ನಿಗಮದಲ್ಲಿ ಗುಮಾಸ್ತ. ಕೆಲಸ ಖಾಯಂ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಅರುಣಾ ಇದ್ದದ್ದು ವಿಧಾನಸಭೆಯ ಸಚಿವಾಲಯದಲ್ಲಿ. ಇಲಾಖೆಗಳು, ನಿಗಮಗಳು ಪ್ರತಿವರ್ಷ ಶಾಸಕರ ಮುಂದೆ ಇಡಬೇಕಾದ ವರದಿ ಬಂತಾ, ಇಲ್ವಾ, ತಡವಾಗಿದ್ದರೆ ಕಾರಣದ ಹಾಳೆ ಜೊತೆಗಿದೆಯಾ, ಇಷ್ಟನ್ನು ನೋಡೋದೇ ಅವಳ ಶಾಖೆಯ ಕೆಲಸ. ಆ ಹಾಳೆ ಇಲ್ಲದೆ ತಡವಾದ ವರದಿ ಸದನಕ್ಕೆ ಹೋಗೋ ಹಾಗಿಲ್ಲ.

ಹಾಗಂತ ವರ್ಷಾವರ್ಷ ಹೊಸ ಕಾರಣ ಬರೆಯೋರು ಯಾರಿದ್ದಾರೆ, ಹೇಳಿ. ಹೋದ ವರ್ಷದ ಹಾಳೆಯನ್ನ ಟೈಪಿಸ್ಟ್ ಮುಂದಿಟ್ಟು “ಇಸವಿ ಒಂದು ಬದಲಾಯಿಸಿ” ಅನ್ನೋದು ಕಚೇರಿಗಳ ಪದ್ಧತಿ. ನಂದಕುಮಾರನೂ ಅದನ್ನೇ ಮಾಡಿದ್ದ. ಹೋದ ವರ್ಷ ನಿಗಮದ ಅಧ್ಯಕ್ಷರು ತೀರಿಕೊಂಡು ವರದಿ ತಡವಾಗಿದ್ದು ನಿಜ, ಪಾಪ. ಆದರೆ ಆಮೇಲೆ ಬಂದ ಮುನಿರಾಮಯ್ಯನವರು ಗುಂಡುಕಲ್ಲಿನ ಹಾಗಿದ್ದರು.

“ನಿನ್ನೆ ಕಾಫಿ ಕೇಳಿದ್ರು, ನಾನೇ ತರಿಸ್ಕೊಟ್ಟೆ. ಇವತ್ತು ಗಡ್ಡ ಕೆರ್ಕೊಳ್ವಾಗ ಥಟ್ಟನೆ ಹೊಳೀತು, ಯಾರಿಗೆ ಕಾಫಿ ಕೊಟ್ಟೆ ಅಂತ.”

“ಆ ಹಾಳೆಗೆ ಸಹಿ ಯಾರ್ದು ಭಾವ?”

“ಅವರದ್ದೇ. ತಾನು ಸತ್ತಿದ್ದಕ್ಕೆ ತಾನೇ ಸಹಿ ಹಾಕವ್ರೆ. ಓದ್ಲಿಲ್ಲ.”

ಕಾರಣದ ಹಾಳೆ ಸರಿಯಿದೆ ಅಂತ ಶುಕ್ರವಾರ ಗುರುತು ಹಾಕಿದವಳು ಅರುಣಾ. ಅವಳೂ ಓದಿರಲಿಲ್ಲ. ನಾಳೆ ಮಧ್ಯಾಹ್ನ ಮಂತ್ರಿಗಳು ಅದನ್ನ ಸದನದಲ್ಲಿ ಮಂಡಿಸಿದರೆ ವಿರೋಧ ಪಕ್ಷದವರಿಗೆ ಹಬ್ಬ. ನಿಗಮದಲ್ಲಿ ಮೊದಲು ಹೋಗೋ ತಲೆ ಭಾವನದು.

“ಆ ಹಾಳೆ ಒಂದನ್ನ ಕಿತ್ತುಬಿಡಮ್ಮ. ಯಾರಿಗೂ ಗೊತ್ತಾಗಲ್ಲ.”

“ಕಿತ್ತರೆ ಕಾರಣವೇ ಇಲ್ಲದ ವರದಿ ಆಗುತ್ತೆ. ಆಗ ಶಾಸಕರ ಸಮಿತಿ ನಿಮ್ಮವರನ್ನೆಲ್ಲ ಕರೆಸುತ್ತೆ. ಕಿತ್ತೋಳು ನಾನು ಅನ್ನೋದೂ ಹೊರಗೆ ಬರುತ್ತೆ.”

ನಂದಕುಮಾರ ಅತ್ತೆ ತಂದಿಟ್ಟ ಕಾಫಿ ಮುಟ್ಟದೆ ಎದ್ದು ಹೋದ. ಕರೆಂಟು ಬಂದು ಮಗ್ಗಗಳು ಒಟ್ಟಿಗೆ ಬಡಿದುಕೊಂಡವು.

ಸೋಮವಾರ ಬೆಳಿಗ್ಗೆ ಅವಳು ಶಾಖಾಧಿಕಾರಿ ಆದಿನಾರಾಯಣಪ್ಪನವರ ಮುಂದೆ ಆ ಹಾಳೆ ಇಟ್ಟಳು. ಅವರು ಓದಿ ಕನ್ನಡಕ ತೆಗೆದರು.

“ಇದಕ್ಕೆ ನನ್ನ ಸಹೀನೂ ಬಿದ್ದಿದೆಯಲ್ಲಮ್ಮ.”

“ಹೌದು ಸಾರ್.”

“ನಿಜವಾಗ್ಲೂ ತಡ ಆಗಿದ್ಯಾಕಂತೆ?”

“ವರದಿ ಅಧ್ಯಕ್ಷರ ಮೇಜಿನ ಮೇಲೇ ಕೂತಿತ್ತಂತೆ.”

“ಅದನ್ನ ಬರೆದು ಅವರ ಕೈಲೇ ಸಹಿ ಹಾಕಿಸ್ಬೇಕಾ? ಅದಕ್ಕಿಂತ ಸತ್ತಿರೋದೇ ವಾಸಿ ಅಂತಾರೆ ಆ ಮನುಷ್ಯ.” ನಗಲು ಹೋಗಿ ತಡೆದುಕೊಂಡರು. “ಸದನದ ಗಂಟೆ ಹೊಡೆಯೋದ್ರೊಳಗೆ ಇಲಾಖೆ ಮೂಲಕ ಬೇರೆ ಹಾಳೆ ಬಂದ್ರೆ, ಬದಲಾಯಿಸಿದ್ದೀವಿ ಅಂತ ಟಿಪ್ಪಣಿ ಬರೆದು ಇಡೋಣ. ಬರ್ಲಿಲ್ಲ ಅಂದ್ರೆ ಇದೇ ಹೋಗುತ್ತೆ.”

ಅವಳು ಭಾವನಿಗೆ ಫೋನ್ ಮಾಡಿ ಅಷ್ಟನ್ನೂ ಹೇಳಿದಳು. “ನೋಡ್ತೀನಿ,” ಅಂದ.

ಮಧ್ಯಾಹ್ನ ಅವಳು ಊಟದ ಡಬ್ಬಿ ತೆರೆಯಲೇ ಇಲ್ಲ. ಫೋನ್ ಬಡಿದಾಗೆಲ್ಲ ಅವಳೇ ಎತ್ತಿದಳು, ಎಲ್ಲಾ ಬೇರೆಯವರಿಗೆ. ಜವಾನರು ಬಂದು ವರದಿಗಳ ಕಟ್ಟು ಹೊರತೊಡಗಿದರು. “ಇದೊಂದು ಆಮೇಲೆ ತಗೊಂಡೋಗಪ್ಪ,” ಅಂತ ನೂಲಿನ ನಿಗಮದ ಕಟ್ಟಿನ ಮೇಲೆ ಕೈಯಿಟ್ಟು ಕೂತಳು. ಜವಾನರಲ್ಲೊಬ್ಬ ಮತ್ತೆ ಬಂದು, “ಮೇಡಂ, ಇನ್ನು ತಡ ಆದ್ರೆ ನನ್ನನ್ನ ಬೈತಾರೆ,” ಅಂದ.

ಅಷ್ಟೊತ್ತಿಗೆ ನಂದಕುಮಾರ ಬಂದ. ಷರಟು ಬೆನ್ನಿಗೆ ಅಂಟಿತ್ತು. ಇಲಾಖೆಯ ಮೊಹರು ಬಿದ್ದ ಹಾಳೆ ಕೊಟ್ಟ. ಅರುಣಾ ಈ ಸಲ ಅಕ್ಷರ ಅಕ್ಷರ ಓದಿದಳು: ‘ಅಧ್ಯಕ್ಷರ ಪರಿಶೀಲನೆಯಲ್ಲಿ ಉಳಿದಿದ್ದರಿಂದ ತಡವಾಗಿರುತ್ತದೆ.’ ಕೆಳಗೆ ಮುನಿರಾಮಯ್ಯನವರ ಸಹಿ. ಆದಿನಾರಾಯಣಪ್ಪ ಟಿಪ್ಪಣಿ ಬರೆದರು, ಹಾಳೆ ಬದಲಾಯಿತು, ಕಟ್ಟು ಹೋಯಿತು. ಗಂಟೆ ಹೊಡೆಯಿತು.

“ಅಧ್ಯಕ್ಷರು ಬೈದ್ರಾ ಭಾವ?”

“ಇಲ್ಲಮ್ಮ. ಹಳೇ ಹಾಳೆ ಎರಡು ಸಲ ಓದಿದ್ರು. ಹಳೇ ಅಧ್ಯಕ್ಷರು ಹೆಂಗೆ ಹೋದ್ರು ಅಂತ ಕೇಳಿದ್ರು. ಆ ಕುರ್ಚಿಲೇ ಕೂತಿದ್ದಾಗ ಹಾರ್ಟು ನಿಂತೋಯ್ತು ಸಾರ್ ಅಂದೆ. ಆಮೇಲೆ ಪೆನ್ನು ಇಸ್ಕೊಂಡು, ಇದಕ್ಕೂ ಹಾಕಿ, ಮೇಜಿನ ಮೇಲೆ ಇದ್ದಬದ್ದ ಕಡತಕ್ಕೆಲ್ಲ ಸಹಿ ಹಾಕಿದ್ರು, ನಿಂತ್ಕೊಂಡೇ.”

ಆದಿನಾರಾಯಣಪ್ಪ ಈಗ ನಿಜವಾಗಿ ನಕ್ಕರು. ನಂದಕುಮಾರ ನಗಲಿಲ್ಲ.

“ನಾಳೆ ಬೆಳಿಗ್ಗೆ ಬಂದು ನನ್ನನ್ನ ನೋಡಿ ಅಂದವ್ರೆ ಅಧ್ಯಕ್ಷರು,” ಅಂದ. “ಯಾಕೆ ಅಂತ ಹೇಳ್ಲಿಲ್ಲ.”

ಅರುಣಾ ಊಟದ ಡಬ್ಬಿ ತೆರೆದು ಅವನ ಮುಂದೆ ತಳ್ಳಿದಳು.