ಗುರುತಿಲ್ಲದ ಬೆರಳು

ಉಂಗುರ ಬೆರಳಿನ ಗಿಣ್ಣಿನಲ್ಲೇ ನಿಂತುಬಿಟ್ಟಿತು. ಮೆಲೆಯಾನೆ ತುಸು ತಿರುಗಿಸಿ ಮತ್ತೆ ಒತ್ತಿದಳು. ಗಂಡ ಕೆಲೆಪಿಯ ಬೆರಳು ಊದಿಕೊಂಡಿತ್ತು, ತಣ್ಣಗಿತ್ತು.

"ಬಿಡು ಮಗಳೇ, ಚರ್ಮ ಕಿತ್ತು ಬಂದೀತು," ಎಂದಳು ಸೇಲಾ. ಅವಳು ಕೆಲೆಪಿಯ ತಂದೆಯ ಅಕ್ಕ. ಟೊಂಗಾ ದ್ವೀಪದವರ ಸಾವಿನಲ್ಲಿ ಹೆಣದ ತಲೆಯ ಬಳಿ ಕೂರುವ ಹಕ್ಕು ಅವಳದು. ಅವಳು ಹೇಳಿದ್ದೇ ನಡೆಯಬೇಕು. "ಕೋಟಿನ ಜೇಬಿಗೆ ಹಾಕು."

"ಜೇಬಿಗೆ ಬೇಡ ಅತ್ತೆ."

"ಹಾಗಿದ್ರೆ ನೀನೇ ಇಟ್ಕೋ. ಇಷ್ಟು ವರ್ಷ ಇಟ್ಕೊಂಡಿದ್ದವಳೂ ನೀನೇ ತಾನೆ?"

ನಿಜ. ಮದುವೆಯಾಗಿ ಹನ್ನೊಂದು ವರ್ಷವಾದವನ ಬೆರಳಿನಲ್ಲಿ ಉಂಗುರದ ಗುರುತೇ ಇರಲಿಲ್ಲ. ಅವನು ದುಡಿಯುತ್ತಿದ್ದ ಔಷಧ ಕಾರ್ಖಾನೆಯ ಧೂಳು ಸೋಕದ ಶುದ್ಧಕೋಣೆಯೊಳಗೆ ಉಂಗುರ, ಗಡಿಯಾರ ಏನೂ ಕೂಡದು. ಮೊದಮೊದಲು ಬೆಳಿಗ್ಗೆ ಅವಳ ಹೆಬ್ಬೆರಳಿಗೆ ತೊಡಿಸಿ ಹೋಗಿ ಸಂಜೆ ಬಂದು ತೆಗೆದುಕೊಳ್ಳುತ್ತಿದ್ದ. ಬರಬರುತ್ತ ತೆಗೆದುಕೊಳ್ಳುವುದನ್ನೇ ಬಿಟ್ಟಿದ್ದ.

ಸೇಲಾ ಹಳೆಯ ಚಾಪೆಯೊಂದನ್ನು ಬಿಡಿಸಿ ಮೆಲೆಯಾನೆಯ ಸೊಂಟಕ್ಕೆ ಸುತ್ತಿ ಹಗ್ಗ ಬಿಗಿದಳು. ಅಂಚೆಲ್ಲ ಹರಿದು ಜೂಲುಜೂಲಾಗಿತ್ತು. ನಡೆದರೆ ಎಳೆ ಉದುರುತ್ತಿತ್ತು.

"ಇವನ ಅಜ್ಜಿ, ನಮ್ಮಮ್ಮ, ಗಂಡನ ಸಾವಿಗೆ ಸುತ್ಕೊಂಡಿದ್ದು ಇದೇ. ಅವಳ ಅತ್ತೆನೂ ಇದನ್ನೇ. ಎಲ್ಲಾದ್ರೂ ಹೊಲಿಗೆ ಹಾಕೀಯ ಮತ್ತೆ! ಹರಿದಿರೋದಕ್ಕೇ ಇದರ ಮರ್ಯಾದೆ."

"ಅತ್ತೆ, ಬ್ರಾನ್ವಿನ್ ಬರ್ತಾರಂತೆ. ಚರ್ಚಲ್ಲಿ ಮಾತಾಡ್ತಾರಂತೆ."

"ಯಾರು, ಕಾರ್ಖಾನೇಲಿ ಅವನ ಮೇಲಿನವಳಾ?"

"ಹೂಂ. ಆ ಔಷಧದ ಚೀಲ ಹರಿದದ್ದು ಕೆಲೆಪಿ ಅಲ್ಲ ಅಂತ ಎಲ್ಲರ ಮುಂದೆ ಒಂದು ಮಾತು ಅಂದುಬಿಟ್ರೆ ಸಾಕು. ನಂಗೆ ಇನ್ನೇನೂ ಬೇಡ."

ಸೇಲಾ ಹಗ್ಗದ ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.

*

ಮದುವೆಯಾದ ಹೊಸದರಲ್ಲಿ ಕೆಲೆಪಿ ಒಂದು ಚೀಲ ಮನೆಗೆ ತಂದಿದ್ದ. ದಪ್ಪ, ಪಾರದರ್ಶಕ ಪ್ಲಾಸ್ಟಿಕ್ಕು, ತಲೆದಿಂಬಿನಷ್ಟು ದೊಡ್ಡದು. ಅವಧಿ ಮೀರಿದ್ದು, ಹೇಗೂ ಎಸೆಯುವುದು ಎಂದು ಕೇಳಿ ಪಡೆದಿದ್ದ. ಅದನ್ನು ಹಿತ್ತಲಿನಲ್ಲಿ ಬಟ್ಟೆ ಒಣಗಿಸುವ ಕಂಬಕ್ಕೆ ನೇತುಹಾಕಿ ಪೈಪಿನಿಂದ ನೀರು ತುಂಬಿಸಿದ.

"ಅಲ್ಲಿರೋದು ಕೋಣೆಯಷ್ಟು ದೊಡ್ಡವು ಅತ್ತೆ. ಉಕ್ಕಿನ ತೊಟ್ಟಿಯೊಳಗೆ ಹಾಸ್ತೀವಿ. ಅದರೊಳಗೆ ಜೀವಕೋಶ ಬೆಳೆಸ್ತಾರೆ, ಔಷಧ ಮಾಡೋದು ಅವೇ. ಮುಗಿದ ಮೇಲೆ ಚೀಲ ಸುಡೋಕೆ ಕಳಿಸ್ತೀವಿ."

"ತೊಳೆದು ಮತ್ತೆ ಹಾಸಲ್ವಾ?" ಸೇಲಾ ಕೇಳಿದಳು.

"ಒಂದೇ ಸಲ. ಒಂದು ಔಷಧದ ಹನಿ ಇನ್ನೊಂದಕ್ಕೆ ಸೇರಬಾರದು. ಕಣ್ಣಿಗೆ ಕಾಣದ ತೂತಿದ್ರೂ ಎಲ್ಲಾ ಹೋಯ್ತು." ಅವನು ಚೀಲದ ಕೆಳಗೆ ಅಂಗೈ ಹಿಡಿದು ಕಾದ. "ನೋಡಿ, ಒಂದು ಹನಿ ಇಲ್ಲ."

"ಬಿಳಿಯರಿಗೆ ತಲೆ ಕೆಟ್ಟಿದೆ," ಎಂದು ಸೇಲಾ ಆ ಚೀಲವನ್ನು ಕಸಿದುಕೊಂಡಿದ್ದಳು. ಅಂದಿನಿಂದ ಚರ್ಚಿನ ಪ್ರತಿ ಊಟಕ್ಕೂ ಕಲ್ಲಂಗಡಿ ಶರಬತ್ತು ಬರುತ್ತಿದ್ದುದು ಅದರಲ್ಲೇ.

*

ಬ್ರಾನ್ವಿನ್ ಚರ್ಚಿಗೆ ಕಪ್ಪು ಕೋಟು ಹಾಕಿಕೊಂಡು ಬಂದಿದ್ದಳು. ಹಾಡು ನಿಂತ ಮೇಲೆ ಮುಂದೆ ಹೋಗಿ ನಿಂತಳು. ಮೆಲೆಯಾನೆ ಹೆಬ್ಬೆರಳಿನ ಉಂಗುರವನ್ನು ಮುಷ್ಟಿಯಲ್ಲಿ ಅದುಮಿಕೊಂಡಳು.

"ಕೆಲೆಪಿ ಯಾವಾಗ್ಲೂ ನಗ್ತಾ ಇರ್ತಿದ್ರು. ಯಾವ ಕೆಲಸ ಕೊಟ್ರೂ ಇಲ್ಲ ಅಂದವರಲ್ಲ. ನಮ್ಮ ಮನೆಯವರೇ ಒಬ್ಬರು ಹೋದ ಹಾಗಾಗಿದೆ."

ಅಷ್ಟೇ. ಅವಳು ಕಣ್ಣೊರೆಸಿಕೊಂಡು ಬಂದು ಕುಳಿತಳು. ಹಿಂದಿನ ಸಾಲಿನಲ್ಲಿ ಯಾರೋ ಆಮೆನ್ ಎಂದರು.

*

ಹಿಂದಿನ ಚಳಿಗಾಲದ ಒಂದು ಬೆಳಿಗ್ಗೆ ದೊಡ್ಡ ಚೀಲವೊಂದರ ತಳ ಸೋರಿ ತೊಟ್ಟಿಯ ಸುತ್ತ ನೆಲವೆಲ್ಲ ಒದ್ದೆಯಾಗಿತ್ತು. ಅದನ್ನು ಹಾಸಿದವನು ಕೆಲೆಪಿ. ಕಾರ್ಖಾನೆಯ ಮೇಲಿನವರು ಮೂವರು ಎದುರು ಕೂತು ಕೈಯಲ್ಲಿ ಉಂಗುರ ಇತ್ತೇ ಎಂದು ಕೇಳಿದರು. ಅವನು ತಲೆ ತಗ್ಗಿಸಿ, ಕ್ಷಮಿಸಿ, ಎಂದ.

"ಯಾಕೆ ಹಾಗಂದೆ?" ಮೆಲೆಯಾನೆ ಕೂಗಾಡಿದ್ದಳು. "ಉಂಗುರ ಇಲ್ಲಿದೆ, ನನ್ನ ಕೈಯಲ್ಲಿ! ಅಷ್ಟು ಹೇಳೋಕೆ ಬಾಯಿರಲಿಲ್ವಾ ನಿಂಗೆ?"

"ದೊಡ್ಡವರು ಅಷ್ಟು ಸಂಕಟದಲ್ಲಿ ಕೂತಿದ್ರು ಮೆಲೆ. ಎದುರಿಗೆ ನಿಂತು ವಾದ ಮಾಡೋಕಾಗುತ್ತಾ? ನಮ್ಮಲ್ಲಿ ಮೊದಲು ಕ್ಷಮೆ ಕೇಳಿ ಆಮೇಲಲ್ವಾ ಮಾತು."

ಆಮೇಲಿನ ಮಾತನ್ನು ಯಾರೂ ಕೇಳಲಿಲ್ಲ. ಅವನು ಒಪ್ಪಿಕೊಂಡ ಎಂದಾಯಿತು. ಶುದ್ಧಕೋಣೆಯಿಂದ ತೆಗೆದು ಕಾರ್ಖಾನೆಯ ಹಿಂದುಗಡೆ ಹಾಕಿದರು. ಬಳಸಿ ಮುಗಿದ ಚೀಲಗಳನ್ನು ಮಡಚಿ, ಸುಡಲು ಒಯ್ಯುವ ಲಾರಿಗೆ ತುಂಬುವ ಕೆಲಸ.

ದಿನ ಕಳೆದಂತೆ ಅವನಿಗೇ ಅನುಮಾನ ಹತ್ತಿತು. ಉಗುರು ತಾಗಿರಬಹುದು ಎಂದ. ಮತ್ತೊಂದು ದಿನ, ತಾಗಿತ್ತು ಎಂದ. ರಕ್ತ ಬರುವಷ್ಟು ಉಗುರು ಕತ್ತರಿಸಿಕೊಳ್ಳತೊಡಗಿದ. ಭಾನುವಾರ ಎಲ್ಲರೂ ಎದ್ದುಹೋದ ಮೇಲೂ ಚರ್ಚಿನಲ್ಲಿ ಮಂಡಿಯೂರಿ ಕೂತಿರುತ್ತಿದ್ದ.

"ಎಷ್ಟು ಹೊತ್ತು?" ಎಂದು ಅವಳು ಕೇಳಿದರೆ, "ಆ ಔಷಧಕ್ಕೆ ಯಾರೋ ಕಾಯ್ತಿದ್ರಲ್ವಾ," ಎನ್ನುತ್ತಿದ್ದ.

ಕಳೆದ ವಾರ ಅದೇ ಲಾರಿಯ ಪಕ್ಕದಲ್ಲಿ ಎದೆ ಹಿಡಿದುಕೊಂಡು ಕುಸಿದ.

*

ಮಣ್ಣು ಮಾಡಿ ಬಂದ ಮೇಲೆ ಚರ್ಚಿನ ಹಾಲಿನಲ್ಲಿ ಊಟ. ಕೆಲೆಪಿಯ ಜೊತೆ ಚೀಲ ಹಾಸುತ್ತಿದ್ದ ಥುವಾನ್, ತಟ್ಟೆಯಲ್ಲಿ ಹಂದಿಮಾಂಸ, ಗೆಣಸು ಹಾಗೇ ಇಟ್ಟುಕೊಂಡು ಅವಳ ಪಕ್ಕ ಬಂದು ಕುಳಿತ.

"ಅತ್ತಿಗೆ, ಏನಾದ್ರೂ ತಿನ್ನಿ. ನೀವು ಹೀಗೆ ಕೂತ್ರೆ ನಮ್ಮಣ್ಣ ನನ್ನ ಬಯ್ತಾನೆ."

"ಅವನು ಯಾರನ್ನ ಬಯ್ದಿದ್ದಾನೆ?"

"ಅದೂ ಸರಿ." ಥುವಾನ್ ಗೆಣಸನ್ನು ಚಮಚದಿಂದ ಕೆದಕಿದ. "ಒಂದು ಸಮಾಧಾನ. ಕೊನೆಗಾದ್ರೂ ಅವನ ಹೆಸರು ಚೊಕ್ಕ ಆಯ್ತಲ್ಲ."

"ಏನು ಚೊಕ್ಕ ಆಯ್ತು?"

"ಅದೇ, ಚೀಲದ್ದು. ತಯಾರಿಸಿದ ಕಡೇನೇ ಬೆಸುಗೆ ಸರಿ ಇರಲಿಲ್ಲ. ಅದರ ಜೊತೆ ಬಂದ ಚೀಲ ಇನ್ನೂ ಎರಡು ಸೋರಿದ್ವು. ಈಸ್ಟರ್‌ಗೂ ಮುಂಚೆನೇ ಗೊತ್ತಾಯ್ತು." ಅವನು ಅವಳ ಮುಖ ನೋಡಿ ಚಮಚ ಕೆಳಗಿಟ್ಟ. "ಅಣ್ಣನಿಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ. ಅವನು ಹಿಂದುಗಡೆ ಇದ್ದ, ನಾನು ಒಳಗೆ... ಅತ್ತಿಗೆ, ಹೇಳಿರಲಿಲ್ವಾ?"

ಮೆಲೆಯಾನೆ ಎದ್ದಳು. ಬ್ರಾನ್ವಿನ್ ಬಾಗಿಲ ಬಳಿ ಕಾರಿನ ಕೀ ಹುಡುಕುತ್ತಿದ್ದಳು.

"ಬೆಸುಗೆ ಸರಿ ಇರಲಿಲ್ಲವಂತೆ."

ಬ್ರಾನ್ವಿನ್‌ಳ ಕೈ ಪರ್ಸಿನೊಳಗೇ ನಿಂತಿತು. "ಮೆಲೆಯಾನೆ, ಇದು ಈಗ..."

"ಅವನಿಗೆ ಹೇಳಿದ್ರಾ?"

"ಆ ವಿಚಾರಣೆ ಆಗಲೇ ಮುಗಿದಿತ್ತು. ಮುಗಿದದ್ದನ್ನ ಮತ್ತೆ ತೆಗೀಬೇಕು ಅಂದ್ರೆ ಮೇಲಿನವರು ಒಪ್ಪಬೇಕು. ಜೂನ್‌ನಲ್ಲಿ ನಾನೇ ಕರೆದು ಹೇಳೋಣ ಅಂತಿದ್ದೆ. ನಿಜವಾಗ್ಲೂ." ಅವಳ ದನಿ ಇಳಿಯಿತು. "ಅವರು ಅದನ್ನ ಮರೆತ ಹಾಗೇ ಕಾಣ್ತಿದ್ರು. ನಗ್ತಾ ಇದ್ರು."

"ಹೌದು," ಎಂದಳು ಮೆಲೆಯಾನೆ. "ನಗ್ತಾ ಇದ್ದ."

ಬ್ರಾನ್ವಿನ್ ಅವಳ ತೋಳು ಮುಟ್ಟಿದಳು. "ಕ್ಷಮಿಸಿ," ಎಂದಳು.

ಮೆಲೆಯಾನೆ ಆ ಕೈಯನ್ನು ನೋಡುತ್ತ ನಿಂತಳು. ಅದರ ಬೆರಳುಗಳಲ್ಲಿ ಎರಡು ಉಂಗುರಗಳಿದ್ದವು.

*

ಸಂಜೆ ಸೇಲಾ ಕತ್ತರಿ ಹಿಡಿದು ಮೆಲೆಯಾನೆಯನ್ನು ಮನೆಯೆಲ್ಲ ಹುಡುಕಿದಳು. ಗಂಡ ಸತ್ತವಳ ಕೂದಲು ಕತ್ತರಿಸುವುದೂ ಅವಳದೇ ಕೆಲಸ.

ಮೆಲೆಯಾನೆ ಹಿತ್ತಲಿನಲ್ಲಿದ್ದಳು. ಬಟ್ಟೆ ಒಣಗಿಸುವ ಕಂಬಕ್ಕೆ ಶರಬತ್ತಿನ ಚೀಲ ತೂಗುತ್ತಿತ್ತು, ಬಾಯಿಮಟ್ಟ ನೀರು. ಎಷ್ಟೋ ಊಟಗಳ ಕಲ್ಲಂಗಡಿಯ ನಸುಗೆಂಪು ಅದರ ಮೂಲೆಗಳಲ್ಲಿ ಉಳಿದಿತ್ತು. ಅವಳು ಹೆಬ್ಬೆರಳಿನ ಉಂಗುರವನ್ನು ಅದರ ತಳಕ್ಕೆ ಒತ್ತಿ ಎಳೆಯುತ್ತಿದ್ದಳು. ಪ್ಲಾಸ್ಟಿಕ್ಕು ಒಳಗೆ ತಗ್ಗಿ ಮತ್ತೆ ಉಬ್ಬುತ್ತಿತ್ತು. ಅವಳು ಎರಡೂ ಕೈ ಸೇರಿಸಿ, ಮೈಭಾರ ಬಿಟ್ಟು, ಮತ್ತೆ ಎಳೆದಳು.

"ಏನೇ ಮಾಡ್ತಿದ್ದೀಯ? ಮಗಳೇ!"

"ಹರೀತಾ ಇಲ್ಲ ಅತ್ತೆ. ನೋಡಿ. ಉಂಗುರದಿಂದಲೂ ಹರೀತಾನೇ ಇಲ್ಲ."

ಬೆರಳ ಬುಡ ಸುಲಿದು ಕೆಂಪಾಗಿತ್ತು. ಚೀಲದ ಕೆಳಗೆ ಸಿಮೆಂಟಿನ ನೆಲ ಒಣಗಿಯೇ ಇತ್ತು. ಅವಳು ಎಳೆದಾಗಲೆಲ್ಲ ಸೊಂಟದ ಚಾಪೆಯಿಂದ ಒಂದೊಂದೇ ಎಳೆ ಅದರ ಮೇಲೆ ಉದುರುತ್ತಿತ್ತು.