ಇಸ್ತ್ರಿ ಅಕ್ಕನ ವಿಚಾರಣೆ

"ಸಮಸ್ತ ಹಾಸ್ಟೆಲ್ ವಾಸಿನಿಯರಿಗೆ ತಿಳಿಯಪಡಿಸುವುದೇನೆಂದರೆ, ನೆಲಮಹಡಿಯ ಇಸ್ತ್ರಿಪೆಟ್ಟಿಗೆಯನ್ನು ಇಂದು ಬೆಳಿಗ್ಗೆ ಒಂಬತ್ತಕ್ಕೆ ವಶಪಡಿಸಿಕೊಳ್ಳಲಾಗಿದೆ. ಸದರಿ ಪೆಟ್ಟಿಗೆಯ ಸುತ್ತ ಮೂವರಿಗಿಂತ ಹೆಚ್ಚು ಮಂದಿ ಸೇರುವಂತಿಲ್ಲ. ಪೆಟ್ಟಿಗೆ ಅಲ್ಲಿ ಇಲ್ಲದಿದ್ದರೂ ಸೇರುವಂತಿಲ್ಲ."

ಕೆಳಗೆ ವಾರ್ಡನ್ ಮೇಡಂ ಸಹಿ, ಸಹಿಯ ಮೇಲೆ ಸೀಲು, ಸೀಲಿನ ಮೇಲೆ ಇನ್ನೊಂದು ಸಹಿ. ರಾಜ್ಯ ಗೆದ್ದವರೂ ಇಷ್ಟು ಶಾಯಿ ಖರ್ಚು ಮಾಡಿರಲಾರರು.

ಪಾಪ, ಪೆಟ್ಟಿಗೆ ಮಾಡಿದ ತಪ್ಪೇನೂ ಇರಲಿಲ್ಲ. ಬಿಸಿಯಾಗುವುದು ಅದರ ಧರ್ಮ. ವಾರ್ಡನ್ ಮೇಡಂ ಬಿಸಿಯಾಗಿದ್ದು ಅದನ್ನು ಹಿಡಿದವಳ ಮೇಲೆ.

ಅವಳು ಕೊನೆಯ ವರ್ಷದ ಹುಡುಗಿ, ಹಾಸ್ಟೆಲ್ಲಿನ ಚುನಾಯಿತ ಪ್ರತಿನಿಧಿ. ಚುನಾವಣೆಯಲ್ಲಿ ಎದುರಾಳಿ ಅರ್ಧ ಗಂಟೆ ಭಾಷಣ ಬಿಗಿದಿದ್ದಳು. ಇವಳು "ನಿಮ್ದೇನಿದೆ ಹೇಳಿ" ಎಂದು ಕೂತಳು, ಗೆದ್ದಳು. ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದನಂತೆ. ಕಿವಿ ಇದ್ದವಳು ಹಾಸ್ಟೆಲ್ಲಿನಲ್ಲಿ ಗೆದ್ದಳು. ಇಸ್ತ್ರಿಯ ಭಾರ ತಡೆಯುವ ಏಕೈಕ ಪ್ಲಗ್ ಅವಳ ರೂಮಿನ ಬಾಗಿಲ ಪಕ್ಕದಲ್ಲಿತ್ತು. ಹುಡುಗಿಯರು ಬಟ್ಟೆ ಹಿಡಿದು ಬರುತ್ತಿದ್ದರು. ಇವಳು ಇಸ್ತ್ರಿ ಹಾಕುತ್ತಿದ್ದಳು, ಅವರು ಹೊಟ್ಟೆಯಲ್ಲಿದ್ದದ್ದನ್ನು ಹೇಳುತ್ತಿದ್ದರು. ನಡುನಡುವೆ ಇವಳದು ಒಂದೇ ಮಾತು: "ಆಮೇಲೆ?" ಬಟ್ಟೆಯ ಸುಕ್ಕಿನ ಜೊತೆ ಹಣೆಯ ಸುಕ್ಕೂ ಹೋಗುತ್ತಿತ್ತು. ಹೀಗೆ ಎಲ್ಲರಿಗೂ ಇಸ್ತ್ರಿ ಅಕ್ಕನಾದಳು.

ಒಬ್ಬಳಿಗೆ ತಲೆಗೆ ಶಾಂಪೂ ಹಾಕಿದ ಹೊತ್ತಿಗೆ ನಲ್ಲಿ ನಿಂತಿತ್ತು. ಇನ್ನೊಬ್ಬಳು ಬಚ್ಚಲ ಸರದಿಗಾಗಿ ರೂಮ್‌ಮೇಟ್ ಜೊತೆ ಮಾತು ಬಿಟ್ಟಿದ್ದಳು. ಮತ್ತೊಬ್ಬಳು ಲ್ಯಾಬಿಗೆ ಮೂರು ಸಲ ತಡವಾಗಿ ಹೋಗಿ ಬೈಸಿಕೊಂಡಿದ್ದಳು. ಪ್ರತಿಯೊಬ್ಬಳೂ ಅದು ತನ್ನ ಹಣೆಬರಹ ಎಂದುಕೊಂಡಿದ್ದಳು. ಎಲ್ಲರದನ್ನೂ ಕೇಳಿದವಳು ಅಕ್ಕ ಒಬ್ಬಳೇ. ಹಾಗಾಗಿ ಎಲ್ಲರ ಹಣೆಯಲ್ಲೂ ಮಂಗಳವಾರ, ಶುಕ್ರವಾರ, ಬೆಳಿಗ್ಗೆ ಆರೂವರೆ ಎಂದೇ ಬರೆದಿದೆ ಎಂದು ಅವಳಿಗೆ ಮಾತ್ರ ಗೊತ್ತಾಯಿತು.

ಮೇಡಂ ಬಳಿ ಹೋಗಿ, "ಆ ಎರಡು ದಿನ ನೀರು ಯಾಕೆ ಬರಲ್ಲ ಮೇಡಂ?" ಎಂದಳು.

"ನನ್ನ ಲಾನಿಗೂ ಅದಕ್ಕೂ ಏನೂ ಸಂಬಂಧ ಇಲ್ಲ!" ಎಂದರು ಮೇಡಂ.

ಲಾನಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಈ ಸಂಗತಿ ಇಸ್ತ್ರಿಯ ಬಳಿ ಬಂದಾಗ, ಮೊಣಕಾಲುದ್ದ ಕೂದಲಿನ 'ಜಡೆ' ಎಂಬ ಹುಡುಗಿ, "ನೀರು ಎಲ್ಲಿದ್ಯೋ ಅಲ್ಲೇ ಹೋಗಿ ತಲೆ ತೊಳ್ಕೊಳ್ಳೋಣ" ಎಂದಳು.

"ಆಮೇಲೆ?" ಎಂದಳು ಅಕ್ಕ.

ಆಮೇಲೆ ಶುಕ್ರವಾರ ಬಂತು. ವಾರ್ಡನ್ ಮನೆಯ ಲಾನಿನಲ್ಲಿ ಗಿರಗಿರ ತಿರುಗುವ ಕಾರಂಜಿಗೆ ನಲವತ್ತು ಹುಡುಗಿಯರು ತಲೆಯೊಡ್ಡಿ ಕೂತರು. ಹುಲ್ಲಿಗೆ ಜೀವಮಾನದಲ್ಲಿ ಮೊದಲ ಸಲ ಶಾಂಪೂ ಸಿಕ್ಕಿತು. ಅಕ್ಕ ನಲವತ್ತು ಟವೆಲ್ ಹೊತ್ತು ಗೇಟಿನ ಹೊರಗೆ ನಿಂತಿದ್ದಳು.

ಮೇಡಂ ಮರುದಿನವೇ ಇಸ್ತ್ರಿಪೆಟ್ಟಿಗೆ ವಶಪಡಿಸಿಕೊಂಡು, ದೂರಿನ ಫಾರಂ ತೆಗೆದು, ಆರೋಪಿಯ ಜಾಗದಲ್ಲಿ ಅಕ್ಕನ ಹೆಸರು ಬರೆದರು. ತಪ್ಪು: ವಿದ್ಯಾರ್ಥಿನಿಯರನ್ನು ಎತ್ತಿಕಟ್ಟಿದ್ದು. ಶಿಕ್ಷೆ: ಹಾಸ್ಟೆಲ್ಲಿನಿಂದ ಹೊರಗೆ. ಪರೀಕ್ಷೆಗೆ ಆರು ವಾರ ಉಳಿದಿತ್ತು. ಅಕ್ಕನ ಮನೆ ಬಸ್ಸಿನಲ್ಲಿ ಒಂಬತ್ತು ಗಂಟೆ ದೂರ. ಹಾಸ್ಟೆಲ್ ಬಿಟ್ಟರೆ ಕಾಲೇಜೂ ಬಿಟ್ಟಂತೆ.

ನಾಲ್ಕು ಜನ ನೋಡಿ ಬುದ್ಧಿ ಕಲಿಯಲಿ ಎಂದು ಮೇಡಂ ವಿಚಾರಣೆಯನ್ನು ಊಟದ ಹಾಲಿನಲ್ಲೇ ಇಟ್ಟರು. ಅಕ್ಕನನ್ನು ಒಂಟಿ ಕುರ್ಚಿಯಲ್ಲಿ ಕೂರಿಸಿದರು. ಪಕ್ಕದಲ್ಲಿ ನಿಯಮಪುಸ್ತಕ ಹಿಡಿದ ಮುದಿ ಗುಮಾಸ್ತರು.

"ಬಾಮ್ಮಾ ಜಡೆ. ಇವಳು ನಿಂಗೇನು ಹೇಳ್ಕೊಟ್ಲು?"

"ಏನೂ ಇಲ್ಲ ಮೇಡಂ. ನಾನೇ ಅಕ್ಕಂಗೆ ಹೇಳಿದ್ದು."

"ಅದಕ್ಕೆ ಇವಳೇನಂದ್ಲು?"

"'ಆಮೇಲೆ?' ಅಂದ್ರು."

"ಆಮೇಲೆ?"

"ಹ್ಞಾಂ, ಹಂಗೇ ಮೇಡಂ. ಈಗ ನೀವೂ ಅಂದ್ರಲ್ಲ, ನಿಮ್ಮ ಹೆಸರೂ ಬರ್ಕೋತಾರಾ?"

ಹಾಲಿನಲ್ಲಿ ಕಿಸಕ್ಕೆಂದು ನಗು ಎದ್ದಿತು. ಮೇಡಂ ಮೇಜು ಗುದ್ದಿದರು. "ಓಹೋ! ಇವಳಲ್ಲ, ನಾವೇ ಹೇಳಿದ್ದು ಅನ್ನೋರು ಎಷ್ಟು ಜನ ಇದೀರಿ? ಎದ್ದು ನಿಲ್ಲಿ ನೋಡೋಣ. ಇದೇ ಫಾರಂನಲ್ಲಿ ನಿಮ್ಮನ್ನೂ ಸೇರಿಸ್ತೀನಿ. ಇವಳ ಜೊತೆ ನೀವೂ ಗಂಟು ಮೂಟೆ ಕಟ್ಟಿ!"

ಅಕ್ಕ ಕುರ್ಚಿಯಿಂದ ಎದ್ದಳು. "ಬೇಡ ಕಣ್ರೇ, ಯಾರೂ ಏಳ್ಬೇಡಿ. ನಾನು ಹೋಗ್ತೀನಿ."

"ಅಕ್ಕಾ," ಎಂದಳು ಜಡೆ, "ಇಷ್ಟು ದಿನ ನಮ್ಮ ಮಾತು ಕೇಳಿದ್ರಿ. ಇವತ್ತೂ ಕೇಳಿ. ಕೂತ್ಕೊಳಿ."

ಅಕ್ಕ ಕೂತಳು. ಬೆಂಚುಗಳು ಕಿರ್ರೆಂದವು. ಲಾನಿನಲ್ಲಿ ತಲೆ ಒಡ್ಡಿದ್ದವರು ಈಗ ತಲೆ ಎತ್ತಿ ನಿಂತರು. ಮೂಲೆಯ ಬೆಂಚಿನಿಂದ ಒಂದು ದನಿ: "ಮೇಡಂ, ನನ್ನ ಹೆಸರು ದೊಡ್ಡಕ್ಷರದಲ್ಲಿ ಬರೀರಿ. ನಮ್ಮಜ್ಜಿಗೆ ಕಣ್ಣು ಸರಿಯಾಗಿ ಕಾಣಲ್ಲ, ತೋರಿಸ್ಬೇಕು!"

ಮೇಡಂ ಹುರುಪಿನಿಂದ ಬರೆದೇ ಬರೆದರು. ಬೆರಳು ಜೋಮು ಹಿಡಿಯುವ ತನಕ ಬರೆದು, ಸಹಿ ಮಾಡಿ, ಸೀಲು ಒತ್ತಿ, ಗುಮಾಸ್ತರ ಕಡೆ ತಳ್ಳಿದರು.

ಗುಮಾಸ್ತರು ಕನ್ನಡಕ ಒರೆಸಿಕೊಂಡು ಪುಟ ತಿರುವಿದರು. "ಇಪ್ಪತ್ತೊಂದನೇ ನಿಯಮ ಒಂದಿದೆ ಮೇಡಂ. 'ಒಂದೇ ದೂರಿನಲ್ಲಿ ಹಾಸ್ಟೆಲ್ಲಿನ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಆರೋಪಿಗಳಾದಲ್ಲಿ, ಸದರಿ ದೂರು ಅಲ್ಲಿಗೇ ಬಿದ್ದುಹೋಗತಕ್ಕದ್ದು. ವಾರ್ಡನ್‌ರವರ ಆಡಳಿತವನ್ನೇ ವಿಚಾರಣೆ ಮಾಡತಕ್ಕದ್ದು.'"

ಮೇಡಂ ಮನಸ್ಸಿನಲ್ಲೇ ಭಾಗಿಸಿದರು. ಮುಖ ಅರಳಿತು. "ನೂರಿಪ್ಪತ್ತು ಜನದಲ್ಲಿ ಮೂರರಲ್ಲೊಂದು ಅಂದ್ರೆ ನಲವತ್ತು. ನಿಂತಿರೋದೂ ನಲವತ್ತೇ. ಹೆಚ್ಚು ಎಲ್ಲಿದೆ ರೀ?"

"ನಿಂತಿರೋರು ನಲವತ್ತೇ ಮೇಡಂ. ಫಾರಂನ ಮೊದಲನೇ ಸಾಲು ನೋಡಿ. ಕೂತಿರೋ ಈ ಮಗು ಹೆಸರು ನೀವು ಆಗಲೇ ಬರೆದಿದ್ರಿ."

"ಹಾಗಾದ್ರೆ ಒಂದು ಹೆಸರು ಹೊಡೆದುಹಾಕಿ!"

"ಸಹಿ, ಸೀಲು ಎರಡೂ ಬಿದ್ದ ಮೇಲೆ ಹೊಡೆದುಹಾಕೋ ಹಂಗಿಲ್ಲ. ಅದು ಹೋದ ವರ್ಷ ನೀವೇ ತಂದ ನಿಯಮ."

ಗುಮಾಸ್ತರು ಹೊಸ ಫಾರಂ ಒಂದನ್ನು ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದರು. ನಲವತ್ತು ಮಂದಿಯೂ ಕೂರಲಿಲ್ಲ. ಕೇಳಲು ನಿಂತೇ ಇದ್ದರು.

"ನಿಮ್ಮ ಪೂರ್ತಿ ಹೆಸರು ಹೇಳಿ ಮೇಡಂ."