ಹತ್ತಿಯಮ್ಮನ ಹಾಲು

ಹೆಣ ಹೊರಲು ತಂದ ಜನಾಜಾದ ಮಂಚ ಬಾಗಿಲಲ್ಲೇ ಸಿಕ್ಕಿಕೊಂಡಿತು. ಹೊರಗಿನವರು ತಳ್ಳಿದರು, ಒಳಗಿನ ಹೆಂಗಸರು ಎಳೆದರು. ಕಟ್ಟಿಗೆ ಕಿರುಗುಟ್ಟಿತೇ ಹೊರತು ಒಂದು ಗೇಣೂ ಸರಿಯಲಿಲ್ಲ.

"ಸತ್ತ ಮೇಲೂ ಅಡ್ಡಗಾಲು ಹಾಕೋದು ಬಿಡಲಿಲ್ಲ ನೋಡಿ ಇವಳು," ಎಂದರು ಮುತವಲ್ಲಿ.

ಮಸೀದಿಯ ಆಡಳಿತ ಅವರ ಕೈಯಲ್ಲಿತ್ತು. ನೆರೆದವರಲ್ಲಿ ಅರ್ಧ ಜನ ಅವರ ಹೊಲದಲ್ಲಿ ದುಡಿಯುವವರು. ಹಾಗಾಗಿ ಮಾತು ತಮಾಷೆಯಾಗಿರದಿದ್ದರೂ ನಗು ಬಂತು.

ಸತ್ತವಳು ಹತ್ತಿಯಮ್ಮ. ಮನೆಮನೆಗೆ ಹೋಗಿ ಹಳೇ ಹಾಸಿಗೆ ಬಿಚ್ಚಿ, ಹತ್ತಿ ಬಡಿದು, ಹೊಸದಾಗಿ ಹೊಲಿದುಕೊಡುವವಳು. ವಿಧವೆ. ತಲೆತುಂಬ ಹತ್ತಿಯ ಎಳೆ, ಬಾಯಿತುಂಬ ಬೈಗುಳ.

ಮಂಚವನ್ನು ಓರೆಮಾಡಿ ಒಳಗೆ ಸೇರಿಸಿದ ಮೇಲೆ ಹೊಸದಾಗಿ ಬಂದಿದ್ದ ಮೌಲ್ವಿ ಕೇಳಿದರು: "ಕಬರಿಗೆ ಇಳಿಸೋಕೆ ಮಹ್ರಮ್ ಯಾರಿದ್ದಾರೆ? ಮಗನೋ, ತಮ್ಮನೋ, ಮದುವೆ ಸಂಬಂಧ ಕೂಡದ ಗಂಡಸು ಯಾರಾದರೂ?"

"ಹಿಂದಿಲ್ಲ, ಮುಂದಿಲ್ಲ. ನಾವು ಹಿರಿಯರೇ ಇಳಿಸ್ತೀವಿ. ಬೇಗ ಮುಗಿಸಿ," ಎಂದರು ಮುತವಲ್ಲಿ.

"ಮಗ ಇದ್ದಾನೆ."

ಹೆಣಕ್ಕೆ ಸ್ನಾನ ಮಾಡಿಸಿ ಒದ್ದೆ ಕೈಯಲ್ಲೇ ಹೊಸಿಲಿಗೆ ಬಂದವಳು ಮುತವಲ್ಲಿಯವರ ತಮ್ಮನ ಮಗಳು. ಬಸ್ ಡಿಪೋದಲ್ಲಿ ಕೆಲಸ. ಸುದ್ದಿ ತಿಳಿದು ಬೆಳಗಿನ ಮೊದಲ ಬಸ್ಸಿಗೇ ಬಂದಿದ್ದಳು.

"ಹಾಲು ಕುಡಿದ ಮಗನೂ ಮಗನೇ ತಾನೇ, ಮೌಲ್ವಿಯವರೇ? ನಮ್ಮ ದೊಡ್ಡಪ್ಪನ ಬೆನ್ನ ಹಿಂದೆ ನಿಂತಿದ್ದಾನೆ, ನೋಡಿ."

* * *

ಆ ತಮ್ಮನ ಮಗಳನ್ನು ಹೆತ್ತವಳು ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಹತ್ತಿಯಮ್ಮನ ಕೂಸು ಸತ್ತದ್ದೂ ಅದೇ ವಾರ. ತನ್ನ ಕೂಸಿಗಿದ್ದ ಹಾಲನ್ನು ಹತ್ತಿಯಮ್ಮ ಈ ಕೂಸಿಗೆ ಕುಡಿಸಿದಳು. ಇಷ್ಟು ಊರಿಗೆಲ್ಲ ಗೊತ್ತಿತ್ತು.

ಗೊತ್ತಿಲ್ಲದ್ದು ಇನ್ನೊಂದಿತ್ತು. ಮುತವಲ್ಲಿಯವರ ಹೆಂಡತಿಗೆ ವಿಷಮಜ್ವರ ಬಂದು ಹಾಲು ಬತ್ತಿತು. ಅವರ ಕೈಗೂಸು ಬಾಟಲಿಗೆ ಬಾಯಿ ಹಾಕಲಿಲ್ಲ. ಆಗ ಮುತವಲ್ಲಿ ತಾವೇ ಮಗನನ್ನೆತ್ತಿಕೊಂಡು ಹತ್ತಿಯಮ್ಮನ ಹಿತ್ತಿಲ ಬಾಗಿಲು ತಟ್ಟಿದ್ದರು.

"ಯಾರಿಗೂ ಹೇಳ್ಬೇಡ. ಮನೆತನದ ಮರ್ಯಾದೆ."

"ಹಸಿದಿರೋದು ಕೂಸು. ನಿಮಗ್ಯಾಕೆ ನಾಚಿಕೆ? ಕೊಡಿ ಇಲ್ಲಿ."

ಆ ತಾಯಿ ಎದ್ದು ಓಡಾಡುವವರೆಗೂ ಎರಡು ಕೂಸುಗಳೂ ಹತ್ತಿಯಮ್ಮನ ಮಡಿಲಲ್ಲೇ ಬೆಳೆದವು. ಊರಿನ ಗುಟ್ಟನ್ನೆಲ್ಲ ಬೀದಿಗೆ ಹಾಕುತ್ತಿದ್ದ ಬಾಯಿ ಇದೊಂದನ್ನು ಆಡಲಿಲ್ಲ.

ಹುಡುಗಿಯ ಅಪ್ಪನೂ ಸತ್ತಾಗ ದೊಡ್ಡಪ್ಪನೇ ಅವಳ ಹೊಣೆ ಹೊರುವ ವಲಿಯಾದರು. ಹನ್ನೆರಡು ತುಂಬುವುದರೊಳಗೆ ತಮ್ಮ ಮಗನ ಜೊತೆ ನಿಕಾಹ್ ಗೊತ್ತುಮಾಡಿದರು. ಹುಡುಗನಿಗಿನ್ನೂ ಮೀಸೆ ಮೂಡಿರಲಿಲ್ಲ. ತಮ್ಮನ ಪಾಲಿನ ನೀರಾವರಿ ಜಮೀನು ಹೊರಗೆ ಹೋಗಬಾರದಿತ್ತು, ಅಷ್ಟೇ. ಆದರೆ ಮಸೀದಿಯಲ್ಲಿ "ಅನಾಥ ಮಗುವಿಗೆ ಆಸರೆ ಬೇಡವೇ?" ಎಂದು ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದಿತು ಜನ. ಜನಕ್ಕೆ ಊಟದ ಕರೆಯೂ ಬಂದಿತ್ತು.

ನಿಕಾಹ್‌ನ ಹೊತ್ತಿಗೆ ಹತ್ತಿಯಮ್ಮ ಹತ್ತಿ ಬಡಿಯುವ ಕೋಲು ಹಿಡಿದೇ ಚಪ್ಪರಕ್ಕೆ ನುಗ್ಗಿದಳು.

"ನಿಲ್ಸಿ! ಇವರಿಬ್ರೂ ನನ್ನ ಹಾಲು ಕುಡಿದೋರು. ಅಣ್ಣ-ತಂಗಿಗೆ ನಿಕಾಹ್ ಓದ್ತೀರಾ?"

"ಥೂ! ನನ್ನ ಮಗ ಇವಳ ಹಾಲು ಕುಡೀತಾನಾ? ಸುಳ್ಳಿ! ಕುರಾನ್ ಮುಟ್ಟಿ ಹೇಳಲಿ."

"ತನ್ನಿ, ಮುಟ್ತೀನಿ. ಆಮೇಲೆ ನೀವೂ ಮುಟ್ಟಿ, ಇಲ್ಲ ಅನ್ನಿ."

ಮುತವಲ್ಲಿ ಕೈ ಹಿಂದಕ್ಕೆಳೆದುಕೊಂಡರು. "ನಂಗೆ ವುಜೂ ಇಲ್ಲ, ಕೈಕಾಲು ಮುಖ ತೊಳೆದಿಲ್ಲ," ಎಂದರು. ನೀರಿನ ತೊಟ್ಟಿ ಪಕ್ಕದಲ್ಲೇ ಇತ್ತು.

ಆಗಿನ ಮೌಲ್ವಿ ಮುದುಕರು. ಎದ್ದು ನಿಂತು ಹೇಳಿದರು: "ಹಾಲು ಕುಡಿಸಿದ್ದೀನಿ ಅಂತ ಒಬ್ಬ ಹೆಂಗಸು ಅಂದಿದ್ದಕ್ಕೆ ಪ್ರವಾದಿಯವರು ಆಗಿಹೋದ ಮದುವೆಯನ್ನೇ ಬಿಡಿಸಿದ್ದುಂಟು. ನಾನು ಆಗದ ಮದುವೆ ಮಾಡಿಸಲಾ? ವಲಿ ಅಂದ್ರೆ ಮಗುವಿನ ಹಿತ ಕಾಯೋನು, ಮಗುವಿನ ಜಮೀನು ಕಾಯೋನಲ್ಲ. ತಾಯಿ ಇಲ್ಲದ ಮಗೂನ ಸಾಕೋ ಹಕ್ಕು ತಾಯಿಯ ತಾಯಿಗೆ. ಅಲ್ಲಿಗೆ ಕಳಿಸಿ."

ಹುಡುಗಿ ಅಜ್ಜಿಯ ಮನೆಗೆ ಹೋಗಿ ಶಾಲೆ ಸೇರಿದಳು. ಸ್ವಲ್ಪ ದಿನಕ್ಕೇ ಆ ಮೌಲ್ವಿಯ ಕೆಲಸ ಹೋಯಿತು. ಹತ್ತಿಯಮ್ಮನಿಗೆ ಹಾಸಿಗೆ ಕೊಡುವುದನ್ನು ಊರು ನಿಲ್ಲಿಸಿತು. 'ಸುಳ್ಳಿ, ಸುಳ್ಳಿ' ಎಂದು ಮಕ್ಕಳು ಅವಳ ಹೆಂಚಿನ ಮೇಲೆ ಕಲ್ಲೆಸೆದರು. ಮುತವಲ್ಲಿಯ ಮಗನೂ ಎಸೆದ.

"ನಿಮ್ಮಪ್ಪಂದಿರ ಹಾಸಿಗೇಲಿ ತಿಗಣೆ ಬೀಳ್ಲಿ!" ಎಂದು ಅವಳು ಕಿಟಕಿಯಿಂದ ಕೂಗುತ್ತಿದ್ದಳು. ಪೇಟೆಯ ಅಂಗಡಿಗಳಿಗೆ ದಿಂಬು ಹೊಲಿದು ಹೊಟ್ಟೆ ಹೊರೆದಳೇ ಹೊರತು, ಆಡಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

* * *

"ಹಳೇ ಕತೆ," ಎಂದರು ಮುತವಲ್ಲಿ. "ಸಾಕ್ಷಿ ಯಾರು?"

"ನಾನು."

ಹೆಂಗಸರ ನಡುವಿನಿಂದ ಅವರ ಹೆಂಡತಿಯೇ ಎದ್ದು ಬಂದಿದ್ದರು. ಗಂಡನ ಮುಖ ನೋಡಲಿಲ್ಲ, ಮಗನಿಗೆ ಹೇಳಿದರು: "ನಾನು ಮೈಮೇಲೆ ಎಚ್ಚರ ಇಲ್ಲದೆ ಮಲಗಿದ್ದಾಗ ನಿನ್ನ ಉಳಿಸಿದ್ದು ಅವಳ ಹಾಲು ಕಣೋ. ಜ್ವರ ಬಿಟ್ಟ ಮೇಲೆ ಅವಳ ಮಡಿಲಿಂದ್ಲೇ ನಿನ್ನ ಎತ್ಕೊಂಡು ಬಂದೆ."

ತಮ್ಮನ ಮಗಳು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇಷ್ಟು ವರ್ಷ ಬಾಯಲ್ಲೇನಿಟ್ಕೊಂಡಿದ್ರಿ, ದೊಡ್ಡಮ್ಮ?"

"ಇವರ ಮನೆ ಅನ್ನ."

"ರುಚಿಯಾಗಿತ್ತು ಅಂತ ಕಾಣ್ಸುತ್ತೆ," ಎಂದು ಅವಳು ಒಳಗೆ ನಡೆದಳು. ಕಫನ್ ಹೊದಿಸುವುದು ಇನ್ನೂ ಬಾಕಿಯಿತ್ತು.

ಮಗನ ಮುಖ ಕಪ್ಪಿಟ್ಟಿತು. ಹಿಟ್ಟಿನ ಗಿರಣಿ ನಡೆಸುವವನು, ಎರಡು ಮಕ್ಕಳ ತಂದೆ. "ಅಪ್ಪಾ, ನಿಮಗೆ ಗೊತ್ತಿತ್ತಾ?"

"ಜನ ನೋಡ್ತಿದ್ದಾರೆ. ಸುಮ್ನಿರು."

ಅವನಿಗೆ ಅಷ್ಟು ಸಾಕಾಯಿತು.

ಖಬರಸ್ತಾನದಲ್ಲಿ ಅವನು ಚಪ್ಪಲಿ ಬಿಟ್ಟು, ಯಾರನ್ನೂ ಕೇಳದೆ ಕಬರಿಗೆ ಇಳಿದ. ಮುತವಲ್ಲಿ ತೋಳು ಹಿಡಿಯಲು ಹೋದರು. ಅಂಗಿಯ ತುದಿಯೂ ಸಿಗಲಿಲ್ಲ. ಸತ್ತವಳು ಹೆಂಗಸಾದ್ದರಿಂದ ಕಬರಿನ ಮೇಲೆ ಮರೆ ಹಿಡಿಯಬೇಕಿತ್ತು. ಮೌಲ್ವಿ ಚಾದರ ಬಿಡಿಸಿ ಹಿರಿಯರಿಗೆ ಒಂದೊಂದು ತುದಿ ಕೊಟ್ಟರು. ದೊಡ್ಡ ಮನುಷ್ಯರನ್ನು ಬಿಡುವ ಹಾಗಿಲ್ಲವಲ್ಲ. ಮೊದಲನೆಯ ತುದಿ ಮುತವಲ್ಲಿಯವರ ಕೈಗೇ ಬಂತು.

ಚಾದರದ ಕೆಳಗಿನಿಂದ ಮಗನ ದನಿ ಕೇಳಿಸಿತು: "ಅಮ್ಮನ್ನ ಮೆಲ್ಲಗೆ ಕೊಡಿ. ತಲೆ ನನ್ನ ಕಡೆ ಬರಲಿ."

ಮುತವಲ್ಲಿ ಹಿಡಿದಿದ್ದ ತುದಿ ಜೋತುಬಿತ್ತು.

"ಎತ್ತಿ ಹಿಡೀರಿ, ಸಾಹೇಬ್ರೇ," ಎಂದ ಗುಂಡಿ ತೋಡಿದವನು, ಗುದ್ದಲಿಗೆ ಗಲ್ಲ ಊರಿಕೊಂಡು. "ಎಲ್ಲಾ ಕಾಣ್ತಾ ಇದೆ."

ಮುತವಲ್ಲಿ ಎರಡೂ ಕೈಯಲ್ಲಿ ಚಾದರವನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದರು.